ಒಂದು ಅಗುಳು ನೋಡಿ ಇಡೀ ಪಾತ್ರೆಯ ಅನ್ನ ಹೇಳಬಹುದಾ? – 16 ಮಿ.ಮೀ. ಟೆನ್ಸೈಲ್ ಪೀಸಿನ ಲೆಕ್ಕ ತಪ್ಪುತ್ತಿದೆ, ಸಹಾಯ ಬೇಕು

ಕಂಕನಾಡಿ ಕಬ್ಬಿಣ · ಭಾನುವಾರ ರಾತ್ರಿ 10:40

ನಮಸ್ಕಾರ. ಲೋಹದ ಟೆನ್ಸೈಲ್ ಟೆಸ್ಟಿಂಗ್ (ಮುರಿಯುವ ತನಕ ಎಳೆದು ನೋಡುವುದು) ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?

ನನ್ನದು ಎಂ.ಟೆಕ್ ಪ್ರಾಜೆಕ್ಟ್. ಅಣು ರಿಯಾಕ್ಟರಿನ ಒಳಗೆ ಇದ್ದು ಬಂದ ಲೋಹವನ್ನು ಎಳೆದು ನೋಡಲು ಪುಟಾಣಿ ಸ್ಪೆಸಿಮನ್ ಬಳಸುತ್ತಾರಲ್ಲ, ಅದರ ಮೇಲೆ. ಹೆದರಬೇಡಿ, ನನ್ನ ಹತ್ತಿರ ಇರುವುದು ಸಾದಾ 316ಎಲ್ ಸ್ಟೇನ್‌ಲೆಸ್ ಶೀಟು, 3 ಮಿ.ಮೀ. ದಪ್ಪ. ಅದೇ ಶೀಟಿನಿಂದ ಎರಡು ನಮೂನೆ ಮಾಡಿಸಿದೆ. ದೊಡ್ಡದರ ಗೇಜ್ (ಹಿಗ್ಗುವ ಸಪೂರ ನಡುಭಾಗ) ಉದ್ದ 25, ಅಗಲ 6, ದಪ್ಪ 3. ಚಿಕ್ಕದು ಎಸ್‌ಎಸ್-ಜೆ3 ಅಂತ ಕರೆಯುವ ಆಕಾರ: ಇಡೀ ಪೀಸು 16 ಉದ್ದ, 4 ಅಗಲ. ನಡುವಿನ ಗೇಜ್ 5 ಉದ್ದ, 1.2 ಅಗಲ, 0.75 ದಪ್ಪ. ಎಲ್ಲಾ ಮಿ.ಮೀ.ನಲ್ಲಿ.

ದೊಡ್ಡದು ಕೊಟ್ಟ ಗರಿಷ್ಠ ಬಲ 581 ಮೆಗಾಪಾಸ್ಕಲ್, ಎಲಾಂಗೇಶನ್, ಅಂದರೆ ಮುರಿಯುವ ತನಕ ಹಿಗ್ಗಿದ್ದು, ಶೇ. 55. ಚಿಕ್ಕದು ಕೊಟ್ಟದ್ದು 548, ಎಲಾಂಗೇಶನ್ ಶೇ. 92!

ಒಂದೇ ಶೀಟು, ಒಂದೇ ಮೆಷಿನ್, ಒಂದೇ ಕೈ. "ಸೈಜ್ ಎಫೆಕ್ಟ್ ಅಂತ ಬರೆದು ಮುಗಿಸು" ಅಂತ ಗೆಳೆಯರು ಹೇಳುತ್ತಾರೆ. ಬರೆಯಲು ಮನಸ್ಸು ಬರುತ್ತಿಲ್ಲ. ವೈವಾದಲ್ಲಿ "ಯಾವ ಎಫೆಕ್ಟ್?" ಅಂತ ಕೇಳಿದರೆ ನಾನು ಸತ್ತೆ.

ರೈಟ್ ಪೋಯಿ · ಭಾನುವಾರ ರಾತ್ರಿ 10:52

16 ಮಿ.ಮೀ. ಅಂದರೆ ನನ್ನ ಹೆಬ್ಬೆರಳಿನ ಉಗುರು ಮಾರಾಯ. ಗೋಳಿಬಜೆಯ ಒಳಗೆ ಬಿದ್ದರೆ ಹಲ್ಲಿಗೆ ಸಿಕ್ಕಿದ ಮೇಲೆಯೇ ಗೊತ್ತಾಗುವುದು. ಅದನ್ನು ಎಳೆದು ರಿಯಾಕ್ಟರ್ ಗಟ್ಟಿ ಉಂಟಾ ಇಲ್ಲವಾ ಹೇಳುತ್ತಾರಾ?

ಕಾರ್ಕಳ ಟೀಚರ್ · ಸೋಮವಾರ ಬೆಳಿಗ್ಗೆ 6:15

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇಷ್ಟು ಚಿಕ್ಕದು ಯಾಕೆ ಬೇಕು? ಅಷ್ಟು ದೊಡ್ಡ ರಿಯಾಕ್ಟರಿನಲ್ಲಿ ಒಂದು ಗೇಣುದ್ದದ ಕಂಬಿ ಇಡಲು ಜಾಗ ಇಲ್ಲವಾ?

ಕುಂಜಿಬೆಟ್ಟು ಅಜ್ಜ · ಸೋಮವಾರ ಬೆಳಿಗ್ಗೆ 9:30

ಟೀಚರ್ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಉಡುಪಿಗೆ ವಾಪಸು ಬರುವ ಮೊದಲು ಹಾಟ್‌ಸೆಲ್‌ನಲ್ಲಿ ಕೆಲಸ ಮಾಡಿದವನು, ಅಂದರೆ ವಿಕಿರಣದ ಮಾಲು ಇಟ್ಟು ಪರೀಕ್ಷಿಸುವ ದಪ್ಪ ಗೋಡೆಯ ಕೋಣೆಯಲ್ಲಿ. ಎಲ್ಲಿ ಅಂತ ಬೇಡ.

ಒಂದು ಲೆಕ್ಕ ಹಾಕೋಣ. 12.5 ಮಿ.ಮೀ. ವ್ಯಾಸದ ಮಾಮೂಲಿ ದುಂಡು ಟೆನ್ಸೈಲ್ ಸ್ಪೆಸಿಮನ್, ಎರಡು ತಲೆ ಸೇರಿ, 200 ಗ್ರಾಂ ಹತ್ತಿರ ತೂಗುತ್ತದೆ. ಈ ಹುಡುಗನ ಪೀಸು 0.3 ಗ್ರಾಂ. ಆರು ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಂದೇ ಜಾಗದಲ್ಲಿ ಒಂದೇ ಹೊತ್ತು ಇಟ್ಟರೆ ವಿಕಿರಣವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಸ್ಟೀಲಿನಲ್ಲಿ ಚೂರು ಕೋಬಾಲ್ಟ್ ಯಾವಾಗಲೂ ಸೇರಿಕೊಂಡಿರುತ್ತದೆ. ಅದು ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ. ಅಂದರೆ ಕಪಾಟಿನಲ್ಲಿಟ್ಟು "ಬರುವ ಷಷ್ಠಿಗೆ ನೋಡೋಣ" ಅಂದರೆ ತಣ್ಣಗಾಗುವ ಮಾಲಲ್ಲ ಅದು.

ದೊಡ್ಡ ಪೀಸಾದರೆ ಸೀಸದ ಗಾಜಿನ ಕಿಟಕಿಯ ಆಚೆ ಇಟ್ಟು, ಈಚೆ ನಿಂತು, ಮ್ಯಾನಿಪ್ಯುಲೇಟರ್ ಅನ್ನುವ ಕಬ್ಬಿಣದ ಕೈಯಲ್ಲಿ ಕೆಲಸ ಮಾಡಬೇಕು. ಗಾಜು ಹಳದಿ, ಸುಮಾರು ಒಂದು ಮೀಟರ್ ದಪ್ಪ. ಅದರ ಮೂಲಕ ನೋಡುತ್ತಾ ನಟ್ಟು ತಿರುಗಿಸಿದವನಿಗೆ ಗೊತ್ತು ಆ ಕಷ್ಟ. ಬೆರಳಿಗೆ ಎಂತದೂ ಗೊತ್ತಾಗುವುದಿಲ್ಲ. ಚಿಕ್ಕ ಪೀಸಾದರೆ ಎಷ್ಟೋ ಸಲ ಸಣ್ಣ ಸೀಸದ ಗೋಡೆ ಸಾಕಾಗುತ್ತದೆ.

ಇನ್ನು ಜಾಗ. ರಿಯಾಕ್ಟರ್ ದೊಡ್ಡದು ಹೌದು. ಆದರೆ ಜೋರಾಗಿ ನ್ಯೂಟ್ರಾನ್ ಬೀಳುವ ಜಾಗ ಬಹಳ ಕಡಿಮೆ, ಮತ್ತು ಅಲ್ಲಿಯೂ ಒಂದು ಗೇಣಿನ ಈ ತುದಿಯಲ್ಲಿ ಬೀಳುವಷ್ಟು ಆ ತುದಿಯಲ್ಲಿ ಬೀಳುವುದಿಲ್ಲ. ಉದ್ದ ಕಂಬಿ ಇಟ್ಟರೆ ಒಂದೇ ಕಂಬಿಯಲ್ಲಿ ಎರಡು ವಯಸ್ಸು. ಗಾಮಾ ಬಿಸಿಯೂ ಒಂದೊಂದು ಕಡೆ ಒಂದೊಂದು ತರ. ಅಮೆರಿಕದ ಓಕ್ ರಿಡ್ಜ್‌ನ ಎಚ್‌ಎಫ್‌ಐಆರ್ ರಿಯಾಕ್ಟರಿನಲ್ಲಿ ಸಣ್ಣ ಸಣ್ಣ ಕ್ಯಾಪ್ಸೂಲಿನಲ್ಲಿ ಎಸ್‌ಎಸ್-ಜೆ ಜಾತಿಯ ಪೀಸುಗಳನ್ನು ಒತ್ತೊತ್ತಾಗಿ ಜೋಡಿಸಿ ಇಡುವುದು ಇದಕ್ಕೇ.

ಮಣ್ಣಗುಡ್ಡೆ ಮೇಷ್ಟ್ರು · ಸೋಮವಾರ ಬೆಳಿಗ್ಗೆ 10:05

ಅಜ್ಜನ ಮಾತಿಗೆ ಒಂದು ಸೇರಿಸುತ್ತೇನೆ. ಫ್ಯೂಷನ್ ರಿಯಾಕ್ಟರಿನ ಲೋಹ ಪರೀಕ್ಷೆಗೆ ಇಫ್‌ಮಿಫ್ ಅಂತ ಒಂದು ದೊಡ್ಡ ಯೋಜನೆ ಉಂಟು. ವೇಗವರ್ಧಕ, ದ್ರವ ಲಿಥಿಯಂ, ಎಲ್ಲಾ ಸೇರಿ ಭಾರೀ ಕಟ್ಟಡ. ಅಷ್ಟೆಲ್ಲಾ ಕಟ್ಟಿದ ಮೇಲೆ ಅತಿ ಜೋರು ನ್ಯೂಟ್ರಾನ್ ಸಿಗುವ ಜಾಗ ಎಷ್ಟು ಗೊತ್ತಾ? ಸುಮಾರು ಅರ್ಧ ಲೀಟರ್. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಒಂದು. ಅದರೊಳಗೆ ಟೆನ್ಸೈಲ್, ಫ್ಯಾಟಿಗ್, ಬಿರುಕು, ಎಲ್ಲದರ ಸ್ಪೆಸಿಮನ್ ತುರುಕಬೇಕು. ಹಾಗಾಗಿ ಈ ಪುಟಾಣಿ ಪೀಸಿನ ವಿದ್ಯೆ ಬೆಳೆಯಲು ಫ್ಯೂಷನ್‌ನವರ ಒತ್ತಾಯವೂ ದೊಡ್ಡ ಕಾರಣ. ಚಿಕ್ಕ ಸ್ಪೆಸಿಮನ್‌ಗಾಗಿಯೇ 1983ರಲ್ಲಿ ಆಲ್ಬುಕರ್ಕಿಯಲ್ಲಿ ಒಂದು ವಿಚಾರ ಸಂಕಿರಣ ಆಗಿತ್ತು. ಹೊಸ ಫ್ಯಾಷನ್ ಏನಲ್ಲ.

ಕಾರ್ಕಳ ಟೀಚರ್ · ಸೋಮವಾರ ಸಂಜೆ 5:20

ಸಿಕ್ಕಿತು. ನ್ಯೂಟ್ರಾನ್ ಬಿದ್ದರೆ ಲೋಹಕ್ಕೆ ಎಂತ ಆಗುತ್ತದೆ? ಮಕ್ಕಳಿಗೆ ಹೇಳುವ ಹಾಗೆ ಹೇಳಿ.

ಮಣ್ಣಗುಡ್ಡೆ ಮೇಷ್ಟ್ರು · ಸೋಮವಾರ ಸಂಜೆ 6:40

ಸ್ಟೇಟ್‌ಬ್ಯಾಂಕಿನಿಂದ ಹೊರಟ ಸಿಟಿ ಬಸ್ ನೆನಪು ಮಾಡಿಕೊಳ್ಳಿ. ಎಲ್ಲರೂ ಸೀಟಿನಲ್ಲಿ ಕೂತಿದ್ದಾರೆ. ಅದು ಲೋಹದ ಹರಳು, ಪ್ರತಿ ಪರಮಾಣುವಿಗೂ ಒಂದು ಸೀಟು. ಈಗ ಒಬ್ಬ ದಾಂಡಿಗ ನುಗ್ಗಿ ಒಬ್ಬನನ್ನು ತಳ್ಳಿದ. ಅವನು ಇನ್ನೊಬ್ಬನ ಮೇಲೆ ಬಿದ್ದ, ಆ ಇನ್ನೊಬ್ಬ ಮತ್ತೊಬ್ಬನ ಮೇಲೆ. ಕ್ಷಣದಲ್ಲಿ ಹೆಚ್ಚಿನವರು ಯಾವುದೋ ಒಂದು ಸೀಟು ಹಿಡಿದು ಕೂತುಬಿಡುತ್ತಾರೆ. ಕೆಲವರಿಗೆ ಸೀಟಿಲ್ಲ, ನಡುದಾರಿಯಲ್ಲಿ ನಿಂತರು. ಕೆಲವು ಸೀಟು ಖಾಲಿ ಉಳಿಯಿತು. ಸರಾಸರಿ ಪ್ರತಿ ಪರಮಾಣುವೂ ಒಂದು ಸಲ ಸೀಟು ಬಿಟ್ಟೆದ್ದರೆ ಅದಕ್ಕೆ 1 ಡಿಪಿಎ ಅನ್ನುತ್ತಾರೆ.

ಲೋಹ ಹಿಗ್ಗುವುದು ಅದರೊಳಗೆ ಡಿಸ್‌ಲೊಕೇಶನ್ ಅನ್ನುವ ಗೆರೆಗಳು ಜಾರಿದಾಗ. ಕಂಡಕ್ಟರ್ ಹಿಂದಿನಿಂದ ಮುಂದೆ ಬರುವ ಹಾಗೆ ಅಂತ ಇಟ್ಟುಕೊಳ್ಳಿ. ನಡುದಾರಿ ಖಾಲಿ ಇದ್ದರೆ ಸಲೀಸು. ಜನ ನಿಂತಿದ್ದರೆ ಅವನಿಗೆ ಜಾಸ್ತಿ ಬಲ ಬೇಕು. ಅದಕ್ಕೇ ವಿಕಿರಣ ಬಿದ್ದ ಲೋಹದ ಯೀಲ್ಡ್ ಬಲ, ಅಂದರೆ ಮರಳಿ ಬಾರದ ಹಾಗೆ ಹಿಗ್ಗಲು ಶುರುವಾಗುವ ಬಲ, ಏರುತ್ತದೆ. "ಗಟ್ಟಿಯಾಯಿತಲ್ಲ, ಒಳ್ಳೆಯದೇ" ಅನ್ನಬೇಡಿ. ಹಿಗ್ಗುವ ಗುಣ ಇಳಿಯುತ್ತದೆ. ಮೊದಲು ನೀರುದೋಸೆ ಹಾಗೆ ಮಡಚುತ್ತಿದ್ದದ್ದು ಕೋರಿರೊಟ್ಟಿಯ ಕಡೆಗೆ ಹೋಗುತ್ತದೆ.

ರೈಟ್ ಪೋಯಿ · ಸೋಮವಾರ ಸಂಜೆ 6:48

ಕೋರಿರೊಟ್ಟಿಗೆ ಸಾರು ಹಾಕಿದರೆ ಮೆತ್ತಗಾಗುತ್ತದೆ. ಇದಕ್ಕೆ?

ಕುಂಜಿಬೆಟ್ಟು ಅಜ್ಜ · ಸೋಮವಾರ ರಾತ್ರಿ 8:10

ನೀನು ತಮಾಷೆಗೆ ಕೇಳಿದೆ, ಆದರೆ ಇದಕ್ಕೂ ಸಾರು ಉಂಟು. ಬಿಸಿ ಮಾಡಿ ಹದಕ್ಕೆ ತಂದರೆ ನಿಂತವರೆಲ್ಲ ಮತ್ತೆ ಸೀಟು ಹುಡುಕಿಕೊಳ್ಳುತ್ತಾರೆ, ಲೋಹ ಸ್ವಲ್ಪ ಮೆತ್ತಗಾಗುತ್ತದೆ. ರಷ್ಯನ್ ಮಾದರಿಯ ಕೆಲವು ಹಳೆಯ ರಿಯಾಕ್ಟರುಗಳ ಪಾತ್ರೆಯನ್ನು ಹೀಗೆ ಕಾಯಿಸಿ ಆಯುಷ್ಯ ಹೆಚ್ಚಿಸಿದ್ದು ಉಂಟು.

ಕಾರ್ಕಳ ಟೀಚರ್ · ಸೋಮವಾರ ರಾತ್ರಿ 9:00

ಹಾಗಾದರೆ ನಮ್ಮ ಕೈಗಾ? ನನ್ನ ತವರು ಅಂಕೋಲಾ ಕಡೆ. ಸುಮ್ನೆ ಕುತೂಹಲಕ್ಕೆ ಕೇಳುವುದಲ್ಲ.

ಕುಂಜಿಬೆಟ್ಟು ಅಜ್ಜ · ಸೋಮವಾರ ರಾತ್ರಿ 9:45

ಕೈಗಾದಲ್ಲಿ ನಾಲ್ಕು ಘಟಕ, ಒಂದೊಂದು 220 ಮೆಗಾವ್ಯಾಟ್. ಭಾರಜಲದ ರಿಯಾಕ್ಟರ್. ಅಲ್ಲಿ ತಾರಾಪುರದ ಹಳೆಯ ಎರಡು ಘಟಕ, ಕೂಡಂಕುಳಂನ ಹಾಗೆ ದಪ್ಪ ಗೋಡೆಯ ಒಂದೇ ಉಕ್ಕಿನ ಪಾತ್ರೆ ಇಲ್ಲ. ಬದಲಿಗೆ ಒಂದೊಂದು ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆ. ಇಂಧನ, ಬಿಸಿ ಭಾರಜಲ, ಒತ್ತಡ ಎಲ್ಲಾ ಆ ಕೊಳವೆಯೊಳಗೆ. ಪ್ರೆಶರ್ ಟ್ಯೂಬ್ ಅನ್ನುವುದು ಅದಕ್ಕೇ. ಜಿರ್ಕೋನಿಯಂಗೆ ಶೇ. 2.5 ನಿಯೋಬಿಯಂ ಸೇರಿಸಿ ಮಾಡಿದ್ದು.

ಈ ಕೊಳವೆಗೆ ಎರಡು ಕಾಟ. ಒಂದು ನ್ಯೂಟ್ರಾನ್. ಇನ್ನೊಂದು ಭಾರಜಲದಿಂದ ನಿಧಾನವಾಗಿ ಒಳಗಿಳಿಯುವ ಡ್ಯೂಟೀರಿಯಂ, ಅಂದರೆ ಹೈಡ್ರೋಜನ್ನೇ. ಅದು ಜಾಸ್ತಿಯಾದರೆ ಲೋಹದೊಳಗೆ ಹೈಡ್ರೈಡ್ ಪದರ ಕಟ್ಟುತ್ತದೆ. ಅದು ಬಿರುಕಿಗೆ ದಾರಿ. 1983ರ ಆಗಸ್ಟಿನಲ್ಲಿ ಕೆನಡಾದ ಪಿಕರಿಂಗ್ 2ನೇ ಘಟಕದಲ್ಲಿ ಕೊಳವೆಯೊಂದು ಸೀಳಿತು. ಅದು ಹಳೆಯ ಜಿರ್ಕಲಾಯ್-2. ಆಮೇಲೆ ಎಲ್ಲಾ ಕಡೆ ಕಣ್ಣು ತೆರೆಯಿತು.

ಅದಕ್ಕೇ ಕೊಳವೆಯನ್ನು ಆಗಾಗ ನೋಡುತ್ತಾರೆ. ಬಾರ್ಕ್‌ನವರು (ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ) ಮಾಡಿದ ಒಂದು ಉಪಕರಣ ಉಂಟು. ಕೊಳವೆಯನ್ನು ಕಳಚದೆ ಒಳಮೈಯಿಂದ ತೆಳು ಸಿಬಿರು ಕೆರೆದು ತರುತ್ತದೆ. ನಾವು ತೆಂಗಿನಕಾಯಿ ಹೆರೆಯುವುದಿಲ್ಲವಾ, ಹಾಗೆ, ಆದರೆ ಬಹಳ ನಾಜೂಕು. ಅದರಲ್ಲಿ ಹೈಡ್ರೋಜನ್ ಎಷ್ಟು ಅಂತ ಅಳೆಯುತ್ತಾರೆ. ಇನ್ನೊಂದು ಉಪಕರಣ ದಪ್ಪ ಭಾಗಗಳ ಮೇಲ್ಮೈಯಿಂದ ದೋಣಿಯಾಕಾರದ ಚೂರು ಎಬ್ಬಿಸುತ್ತದೆ. ಅದಕ್ಕೆ ಹೆಸರೇ ಬೋಟ್ ಸ್ಯಾಂಪಲ್. ಮಲ್ಪೆಯ ದೋಣಿ ಅಂತ ತಿಳಿಯಬೇಡಿ, ಕೈಬೆರಳಿನಷ್ಟು. ಆ ಚೂರಿನಿಂದ ಪರೀಕ್ಷೆ ಮಾಡಬೇಕಾದರೆ ಪುಟಾಣಿ ಪೀಸೇ ಗತಿ.

ಕೈಗಾ 1ನೇ ಘಟಕ 2018ರಲ್ಲಿ ಒಂದೇ ಸಮನೆ 962 ದಿನ ನಡೆದು ಆಗಿನ ವಿಶ್ವದಾಖಲೆ ಮಾಡಿತ್ತು. ಅಷ್ಟು ದಿನ ನಡೆಯಿತು ಅನ್ನುವುದು ಮೆಚ್ಚುವ ಮಾತೇ. ಆದರೆ ಟೀಚರ್, ಕೊಳವೆಯ ಆರೋಗ್ಯ ದಿನದ ಲೆಕ್ಕದಿಂದ ಗೊತ್ತಾಗುವುದಲ್ಲ. ಕೆರೆದು, ಕತ್ತರಿಸಿ, ಎಳೆದೇ ನೋಡಬೇಕು.

ಮಣ್ಣಗುಡ್ಡೆ ಮೇಷ್ಟ್ರು · ಸೋಮವಾರ ರಾತ್ರಿ 10:20

ಕೊಳವೆಯ ವಿಷಯ ಬಂತಲ್ಲ, ಇದು ನನಗೆ ಯಾವಾಗಲೂ ಖುಷಿ ಕೊಡುವ ಲೆಕ್ಕ. ಒಳಗಿನ ಒತ್ತಡಕ್ಕೆ ಕೊಳವೆ ಸೀಳುವುದು ಉದ್ದಕ್ಕೆ. ಅಂದರೆ ನಮಗೆ ಬೇಕಾದ್ದು ಸುತ್ತಳತೆಯ ದಿಕ್ಕಿನ ಬಲ. ಜಿರ್ಕೋನಿಯಂನಲ್ಲಿ ಉದ್ದದ ಬಲವೂ ಸುತ್ತಿನ ಬಲವೂ ಒಂದೇ ಅಲ್ಲ. ಕೊಳವೆಯ ವ್ಯಾಸ 90 ಮಿ.ಮೀ. ಹತ್ತಿರ, ಗೋಡೆ ಮೂರೂವರೆ ಮಿ.ಮೀ. ಹತ್ತಿರ. ಮಾಮೂಲಿ 100 ಮಿ.ಮೀ. ಉದ್ದದ ಪೀಸನ್ನು ಸುತ್ತಿನ ದಿಕ್ಕಿನಲ್ಲಿ ಕತ್ತರಿಸಿದರೆ ಬಿಲ್ಲಿನ ಹಾಗೆ ಬಾಗಿರುತ್ತದೆ. ತಟ್ಟಿ ನೇರ ಮಾಡಿದರೆ ಆ ತಟ್ಟಿದ್ದರಲ್ಲೇ ಲೋಹದ ಗುಣ ಬದಲಾಯಿತು. ರಿಯಾಕ್ಟರ್ ಮಾಡಿದ್ದು ಯಾವುದು, ಸುತ್ತಿಗೆ ಮಾಡಿದ್ದು ಯಾವುದು?

16 ಮಿ.ಮೀ. ಪೀಸಾದರೆ ಬಾಗು ಮುಕ್ಕಾಲು ಮಿ.ಮೀ. ಮಾತ್ರ. ಗೋಡೆಯ ದಪ್ಪದೊಳಗೇ ನೇರವಾದ 0.75 ಮಿ.ಮೀ. ಪೀಸು ಆರಾಮಾಗಿ ಸಿಗುತ್ತದೆ. ತಟ್ಟುವ ಪ್ರಶ್ನೆಯೇ ಇಲ್ಲ. ಇಲ್ಲಿ ಚಿಕ್ಕದು ದೊಡ್ಡದಕ್ಕೆ ಬದಲಿ ಅಲ್ಲ, ಚಿಕ್ಕದೇ ಸರಿ.

ಬೈಕಂಪಾಡಿ ವೈರ್‌ಕಟ್ · ಮಂಗಳವಾರ ಬೆಳಿಗ್ಗೆ 8:30

ಕಂಕನಾಡಿ ತಮ್ಮ, ನಿನ್ನ ಪೀಸು ಕಟ್ ಮಾಡಿದ್ದು ನಾನೇ ಅಲ್ವಾ? ಡ್ರಾಯಿಂಗ್ ನೋಡಿದ ಕೂಡಲೇ ಗುರುತು ಸಿಕ್ಕಿತು. ಊರಿನಲ್ಲಿ ಇಂತಹ ಹುಚ್ಚು ಕೆಲಸ ತರುವವನು ನೀನೊಬ್ಬನೇ.

ಎಲ್ಲರಿಗೂ ಹೇಳುತ್ತೇನೆ ಹೇಗೆ ಮಾಡಿದೆ ಅಂತ. ನನ್ನದು ವೈರಿನಿಂದ ಕಿಡಿ ಹಾರಿಸಿ ಲೋಹ ಕತ್ತರಿಸುವ ಮೆಷಿನ್. ಮೊದಲು ಶೀಟಿನಲ್ಲಿ ಆ ನಾಯಿಮೂಳೆಯ ಆಕಾರ ಕತ್ತರಿಸಿಕೊಂಡೆ. ಆಮೇಲೆ ಅದನ್ನು ಮಗ್ಗುಲಿಗೆ ನಿಲ್ಲಿಸಿ, ಪತ್ರೊಡೆ ಸುರುಳಿಯನ್ನು ಬಿಲ್ಲೆ ಬಿಲ್ಲೆ ಕತ್ತರಿಸುವ ಹಾಗೆ ತೆಳುವಾಗಿ ಸೀಳಿದೆ. ವೈರು 0.25 ಮಿ.ಮೀ. ಹಿತ್ತಾಳೆ. ಕಿಡಿ ತಿನ್ನುವುದೂ ಸೇರಿ ಒಂದು ಸೀಳಿಗೆ 0.3 ಹೋಗುತ್ತದೆ. 3 ಮಿ.ಮೀ. ಶೀಟಿನಲ್ಲಿ ಮೂರು ಪೀಸು ಅಂದರೆ ಮೂರು ಮುಕ್ಕಾಲು ಎರಡೂಕಾಲು, ಎರಡು ಸೀಳು ಸೇರಿ 2.85. ಉಳಿದದ್ದು 0.15. "ಎರಡೇ ತೆಗೆಯೋಣ" ಅಂದೆ. ನೀನು "ಅಣ್ಣ, ಮೂರು ಬೇಕೇ ಬೇಕು" ಅಂದೆ. ಬಿಗಿಯಾಗಿ ತೆಗೆದೆ. ಮೈ ನಯ ಮಾಡುವ ಸ್ಕಿಮ್ ಕಟ್ ಹೊಡೆಯಲು ಜಾಗವೇ ಇರಲಿಲ್ಲ.

ನಿಜ ಹೇಳುತ್ತೇನೆ, ಕಳಿಸುವ ಮೊದಲು ಒಂದೊಂದನ್ನೂ ಅಳೆಯಲಿಲ್ಲ. ಆ ದಿನ ಕರೆಂಟು ಎರಡು ಸಲ ಹೋಗಿತ್ತು, ನನ್ನ ತಲೆ ಸರಿ ಇರಲಿಲ್ಲ.

ಕುಂಜಿಬೆಟ್ಟು ಅಜ್ಜ · ಮಂಗಳವಾರ ಬೆಳಿಗ್ಗೆ 9:10

ಒಳ್ಳೆಯ ಮನುಷ್ಯ ನೀನು. ಇಷ್ಟು ನೇರವಾಗಿ ಹೇಳುವವರು ಕಡಿಮೆ.

ಮಗಾ ಕಂಕನಾಡಿ, ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡು. ಅಡ್ಡಕೊಯ್ತಕ್ಕೆ ಯಾವ ಅಳತೆ ಹಾಕಿದೆ, ಅಳೆದದ್ದಾ ಡ್ರಾಯಿಂಗಿನದ್ದಾ? ಹಿಗ್ಗುವುದನ್ನು ಎಲ್ಲಿಂದ ತೆಗೆದೆ? ಬಲಕ್ಕೆ ಎಷ್ಟು ಹಿಗ್ಗಿತು ಅನ್ನುವ ಕರ್ವಿನ ಮೊದಲ ನೇರ ಗೆರೆಯ ಸ್ಲೋಪ್ ಎಷ್ಟು? ಕ್ರಾಸ್‌ಹೆಡ್ (ಪೀಸನ್ನು ಎಳೆಯುವ ಅಡ್ಡಪಟ್ಟಿ) ವೇಗ? ಲೋಡ್‌ಸೆಲ್ (ಬಲ ಅಳೆಯುವುದು) ಯಾವುದು?

ಕಂಕನಾಡಿ ಕಬ್ಬಿಣ · ಮಂಗಳವಾರ ಬೆಳಿಗ್ಗೆ 11:25

ಅಜ್ಜ, ನಾಚಿಕೆ ಆಗುತ್ತಿದೆ. ಡ್ರಾಯಿಂಗಿನದ್ದೇ ಹಾಕಿದೆ, 1.2 ಗುಣಿಸು 0.75. ಹಿಗ್ಗುವುದು ಕ್ರಾಸ್‌ಹೆಡ್ ಸರಿದ ದೂರದಿಂದ. ನಮ್ಮ ಎಕ್ಸ್‌ಟೆನ್ಸೋಮೀಟರ್ (ಪೀಸಿಗೇ ಕೂರಿಸಿ ಹಿಗ್ಗು ಅಳೆಯುವುದು) 25 ಮಿ.ಮೀ.ನದ್ದು, ಇದಕ್ಕೆ ಕೂರುವುದಿಲ್ಲ. ಸ್ಲೋಪ್ ಈಗ ನೋಡಿದೆ, 14 ಗಿಗಾಪಾಸ್ಕಲ್. ವೇಗ ಎರಡಕ್ಕೂ ನಿಮಿಷಕ್ಕೆ 5 ಮಿ.ಮೀ. ಲೋಡ್‌ಸೆಲ್ 5 ಕಿಲೋನ್ಯೂಟನ್.

ಕುಂಜಿಬೆಟ್ಟು ಅಜ್ಜ · ಮಂಗಳವಾರ ಮಧ್ಯಾಹ್ನ 12:40

ಲೋಡ್‌ಸೆಲ್ ಒಂದು ಸರಿ ಮಾಡಿದ್ದೀಯಾ. ನಿನ್ನ ಪೀಸು ಮುರಿಯುವುದು 50 ಕೆ.ಜಿ. ಹತ್ತಿರ. ಅದನ್ನು 10 ಟನ್ನಿನ ಸೆಲ್‌ನಲ್ಲಿ ಅಳೆದಿದ್ದರೆ ಅಕ್ಕಿ ಮುಡಿ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ.

ಸ್ಲೋಪ್ ನೋಡು. 316ರದ್ದು 193 ಗಿಗಾಪಾಸ್ಕಲ್ ಇರಬೇಕು. ನಿನಗೆ ಬಂದದ್ದು 14. ಹದಿನಾಲ್ಕು ಪಟ್ಟು ಕಡಿಮೆ. ಅಂದರೆ ನೀನು ಅಳೆದದ್ದು ಪೀಸನ್ನಲ್ಲ, ಮೆಷಿನ್ನನ್ನು! ಐದು ಮಿ.ಮೀ. ಗೇಜು ಯೀಲ್ಡ್ ಆಗುವ ಹೊತ್ತಿಗೆ ಹಿಗ್ಗುವುದು ಆರೂವರೆ ಮೈಕ್ರಾನ್. ತಲೆಕೂದಲಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಗ್ರಿಪ್ಪಿನ ಸಡಿಲು, ಪಿನ್ನಿನ ತೂತಿನ ಸಡಿಲು, ಕಂಬದ ಎಳೆತ ಎಲ್ಲಾ ಅದಕ್ಕಿಂತ ಎಷ್ಟೋ ಜಾಸ್ತಿ. ಮತ್ತೆ ಗೇಜಿನ ಎರಡೂ ತುದಿಯ ದುಂಡು ಭುಜ ಕೂಡ ಸ್ವಲ್ಪ ಹಿಗ್ಗುತ್ತದೆ. ದೊಡ್ಡ ಪೀಸಿನಲ್ಲಿ ಅದು ಲೆಕ್ಕಕ್ಕಿಲ್ಲ, ನಿನ್ನದರಲ್ಲಿ ಅದೇ ದೊಡ್ಡ ಪಾಲು. ಶೇ. 92 ಬಂದದ್ದು ಹೀಗೆ.

ವೇಗವೂ ತಪ್ಪು. ಒಂದೇ ವೇಗದಲ್ಲಿ ಎಳೆದರೆ ಐದು ಪಟ್ಟು ಗಿಡ್ಡ ಪೀಸು ಐದು ಪಟ್ಟು ಬೇಗ ಹಿಗ್ಗುತ್ತದೆ. ನಿನ್ನದಕ್ಕೆ ನಿಮಿಷಕ್ಕೆ 1 ಮಿ.ಮೀ. ಹಾಕು, ದೊಡ್ಡದಕ್ಕೆ ಸಮ ಆಗುತ್ತದೆ.

ಮಣ್ಣಗುಡ್ಡೆ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ 1:15

ಅಜ್ಜ, ಎಲಾಂಗೇಶನ್ ವಿಷಯದಲ್ಲಿ ನನ್ನದೊಂದು ಆಕ್ಷೇಪ. ಗಿಡ್ಡ ಗೇಜಿನಲ್ಲಿ ಎಲಾಂಗೇಶನ್ ಹೇಗೂ ಜಾಸ್ತಿ ಬರುತ್ತದೆ. ಮುರಿಯುವ ಮೊದಲು ಒಂದು ಕಡೆ ಸಪೂರ ಆಗುತ್ತದಲ್ಲ, ಆ ಸಪೂರ ಭಾಗ ಗಿಡ್ಡ ಗೇಜಿನಲ್ಲಿ ದೊಡ್ಡ ಪಾಲು. ಬಾರ್ಬಾ ನಿಯಮ ಹೇಳುವುದು ಇದನ್ನೇ. ಹಾಗಾಗಿ "ಸೈಜ್ ಎಫೆಕ್ಟ್" ಅನ್ನುವುದು ಪೂರ್ತಿ ಸುಳ್ಳೇನಲ್ಲ.

ಕುಂಜಿಬೆಟ್ಟು ಅಜ್ಜ · ಮಂಗಳವಾರ ಮಧ್ಯಾಹ್ನ 1:50

ನಿಯಮ ಸರಿ ಮೇಷ್ಟ್ರೇ, ಆದರೆ ಇಲ್ಲಿ ಅಂಕೆ ಹಾಕಿ ನೋಡಿ. ಮುಖ್ಯ ಆಗುವುದು ಬರೀ ಉದ್ದ ಅಲ್ಲ, ಅಡ್ಡಕೊಯ್ತದ ವರ್ಗಮೂಲಕ್ಕೆ ಉದ್ದ ಎಷ್ಟು ಪಟ್ಟು ಅನ್ನುವುದು. ಪ್ರಮಾಣಬದ್ಧ ಪೀಸಿಗೆ ಅದು 5.65 ಇರಬೇಕು ಅಂತ ನೀವೇ ಪಾಠ ಮಾಡುತ್ತೀರಿ. ಇವನ ದೊಡ್ಡದು: 18ರ ವರ್ಗಮೂಲ 4.24, 25 ಭಾಗಿಸಿದರೆ 5.9. ಚಿಕ್ಕದು: 0.9ರ ವರ್ಗಮೂಲ 0.95, 5 ಭಾಗಿಸಿದರೆ 5.3. ಎರಡೂ ಹತ್ತಿರ ಹತ್ತಿರ. ಬಾರ್ಬಾ ಕೊಟ್ಟರೆ ಎರಡು ಮೂರು ಅಂಶ ಕೊಟ್ಟಾನು. 55ರಿಂದ 92ಕ್ಕೆ ಎತ್ತುವ ತಾಕತ್ತು ಅವನಿಗಿಲ್ಲ.

ಮಣ್ಣಗುಡ್ಡೆ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ 2:20

ಒಪ್ಪಿದೆ. ಲೆಕ್ಕ ಹಾಕದೆ ಮಾತಾಡಿದೆ. ಈ ಸಲದ ತಪ್ಪು ನನ್ನ ತಲೆಗೆ.

ಆದರೆ ವಿಕಿರಣ ಬಿದ್ದ ಲೋಹದ ಮಾತು ಬೇರೆ. ಅದರಲ್ಲಿ ಸಮವಾಗಿ ಹಿಗ್ಗುವ ಭಾಗ ಶೇ. 1ಕ್ಕಿಂತಲೂ ಕೆಳಗೆ ಹೋಗುವುದು ಉಂಟು. ಯೀಲ್ಡ್ ಆದ ಕೂಡಲೇ ಸಪೂರ ಆಗಲು ಶುರು. ಆಗ ಬರುವ ಎಲಾಂಗೇಶನ್ ಪೂರ್ತಿ ಆ ಸಪೂರ ಭಾಗದ್ದೇ, ಅದು ಪೀಸಿನ ಆಕಾರ ನೋಡಿಕೊಂಡು ಬದಲಾಗುತ್ತದೆ. ಹಾಗಾಗಿ ಒಂದು ಆಕಾರದ ಪೀಸಿನ ಎಲಾಂಗೇಶನ್ ತಂದು ಇನ್ನೊಂದು ಆಕಾರದ್ದರ ಪಕ್ಕ ಇಡಬಾರದು. ರಿಯಾಕ್ಟರಿಗೆ ಹೋಗುವ ಮೊದಲು ಇದೇ ಆಕಾರ, ಬಂದ ಮೇಲೂ ಇದೇ ಆಕಾರ. ಯೀಲ್ಡ್ ಮತ್ತು ಗರಿಷ್ಠ ಬಲ ಹಾಗಲ್ಲ, ಅವು ಆಕಾರಕ್ಕೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ಅಳತೆ ಸರಿ ಇದ್ದರೆ.

ಕಾರ್ಕಳ ಟೀಚರ್ · ಮಂಗಳವಾರ ಸಂಜೆ 5:40

ನಾನು ಅಡುಗೆಮನೆಯಿಂದ ಒಂದು ಮಾತು ಕೇಳುತ್ತೇನೆ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆ ಅನ್ನುತ್ತೇವೆ. ಬೆಳ್ತಿಗೆಗೆ ಅದು ಸರಿ. ಕುಚ್ಚಲಕ್ಕಿಗೆ ನಾನು ಹಾಗೆ ಮಾಡುವುದಿಲ್ಲ. ಮೇಲಿನಿಂದ ಒಂದು, ತಳದಿಂದ ಒಂದು, ನಡುವಿನಿಂದ ಒಂದು ತೆಗೆಯುತ್ತೇನೆ, ಒಂದೊಂದು ಒಂದೊಂದು ತರ ಬೇಯುತ್ತದೆ. ಲೋಹದಲ್ಲಿ ಇದಿಲ್ಲವಾ? 0.3 ಗ್ರಾಂ ತುಂಡು ಯಾವ ಮೂಲೆಯದ್ದು ಅಂತ ಯಾರು ನೋಡುತ್ತಾರೆ?

ಮಣ್ಣಗುಡ್ಡೆ ಮೇಷ್ಟ್ರು · ಮಂಗಳವಾರ ರಾತ್ರಿ 8:30

ಟೀಚರ್, ಇದು ಈ ಇಡೀ ಚರ್ಚೆಯ ಒಳ್ಳೆಯ ಪ್ರಶ್ನೆ.

ಲೋಹದ ಒಳಗೂ ಅಗುಳು ಉಂಟು, ಗ್ರೇನ್ ಅಂತ ಕರೆಯುತ್ತೇವೆ. ಪೀಸಿನ ದಪ್ಪದಲ್ಲಿ ಕಡಿಮೆ ಅಂದರೂ ಆರರಿಂದ ಹತ್ತು ಗ್ರೇನ್ ಇರಬೇಕು ಅನ್ನುವುದು ರೂಢಿಯ ಮಾತು. 50 ಮೈಕ್ರಾನಿನ ಗ್ರೇನ್ ಇದ್ದರೆ 0.75ರಲ್ಲಿ ಹದಿನೈದು, ಸಾಕು. ವೆಲ್ಡಿನಲ್ಲೋ ಎರಕದಲ್ಲೋ 200 ಮೈಕ್ರಾನಿನದ್ದು ಇದ್ದರೆ ಮೂರೋ ನಾಲ್ಕೋ. ಆಗ ನೀವು ಎಳೆಯುವುದು ಲೋಹವನ್ನಲ್ಲ, ನಾಲ್ಕು ಹರಳನ್ನು. ಒಂದೊಂದು ಪೀಸು ಒಂದೊಂದು ಉತ್ತರ ಕೊಡುತ್ತದೆ. ವೆಲ್ಡಿಗೆ ಪುಟಾಣಿ ಪೀಸು ಒಂದು ರೀತಿಯಲ್ಲಿ ವರ, ಮೂಲ ಲೋಹ, ಬಿಸಿ ತಾಗಿದ ಭಾಗ, ವೆಲ್ಡ್ ಅಂತ ಬೇರೆ ಬೇರೆ ಜಾಗದಿಂದ ತೆಗೆಯಬಹುದು. ಇನ್ನೊಂದು ರೀತಿಯಲ್ಲಿ ಬಲೆ. ಹಾಗಾಗಿ ಒಂದಲ್ಲ, ಐದಾರು ಪೀಸು ಎಳೆಯಬೇಕು, ಎಲ್ಲಿಯದು ಅಂತ ಒಂದೊಂದರ ತಲೆಯ ಮೇಲೆ ಗುರುತು ಕೆತ್ತಬೇಕು. ನಿಮ್ಮ ಹಾಗೆ ಮೇಲೆ, ತಳ, ನಡು.

ಮತ್ತೆ ಬಿರುಕಿನ ವಿಷಯಕ್ಕೆ ಟೆನ್ಸೈಲ್ ಉತ್ತರ ಕೊಡುವುದಿಲ್ಲ. ಅದಕ್ಕೆ ಬೇರೆ ಪೀಸು. ಉಕ್ಕಿನ ಪಾತ್ರೆ ಇರುವ ರಿಯಾಕ್ಟರುಗಳಲ್ಲಿ 10 ಗುಣಿಸು 10 ಗುಣಿಸು 55 ಮಿ.ಮೀ.ನ ಚಾರ್ಪಿ (ಸುತ್ತಿಗೆ ಬೀಸಿ ಮುರಿಯುವ) ಪೀಸುಗಳನ್ನು ಮೊದಲೇ ಒಳಗಿಟ್ಟಿರುತ್ತಾರೆ. ವರ್ಷಗಟ್ಟಲೆ ಆದ ಮೇಲೆ ತೆಗೆದು ಮುರಿಯುತ್ತಾರೆ. ರಿಯಾಕ್ಟರಿನ ಆಯುಷ್ಯ ಹೆಚ್ಚಿಸಿದ ಹಾಗೆ ಪೀಸು ಸಾಲುವುದಿಲ್ಲ. ಈಗ ಮುರಿದ ಚಾರ್ಪಿಯ ಅರ್ಧ ತುಂಡಿನಿಂದಲೇ 4 ಮಿ.ಮೀ. ದಪ್ಪದ ಪುಟ್ಟ ಪೀಸು ಕತ್ತರಿಸಿ ಬಿರುಕಿನ ಪರೀಕ್ಷೆ ಮಾಡುತ್ತಾರೆ. ಹಲಸಿನ ಬೀಜ, ರಚ್ಚೆ ಯಾವುದೂ ಬಿಸಾಡದ ನಮ್ಮ ಮನೆಗಳ ಹಾಗೆ.

ಬೈಕಂಪಾಡಿ ವೈರ್‌ಕಟ್ · ಮಂಗಳವಾರ ರಾತ್ರಿ 9:05

ನನ್ನ ಕಡೆಯಿಂದ ಒಂದು. ಕಿಡಿಯಲ್ಲಿ ಕತ್ತರಿಸಿದ ಮೈ ಮೇಲೆ ಕರಗಿ ಗಟ್ಟಿಯಾದ ಒಂದು ಪೊರೆ ಕೂತಿರುತ್ತದೆ. ಹತ್ತು ಇಪ್ಪತ್ತು ಮೈಕ್ರಾನ್. ದೊಡ್ಡ ಪೀಸಿಗೆ ಯಾರೂ ಕೇಳುವುದಿಲ್ಲ. 0.75ಕ್ಕೆ ಎರಡೂ ಕಡೆ ಸೇರಿದರೆ ಶೇ. 4, 5 ಆಯಿತು. ಅದನ್ನು ನಯ ಎಮರಿಯಲ್ಲಿ, ಎಳೆಯುವ ಉದ್ದಕ್ಕೇ ತಿಕ್ಕಿ ತೆಗೆಯಬೇಕು. ಅಡ್ಡಕ್ಕೆ ತಿಕ್ಕಿದರೆ ಗೀರಿನಲ್ಲೇ ಮುರಿಯುತ್ತದೆ. ತಿಕ್ಕಿದ ಮೇಲೆ ಅಳೆಯಬೇಕು, ಮೊದಲಲ್ಲ. ವರ್ನಿಯರ್ ಹಿಡಿಯಬೇಡ, ಮೈಕ್ರೋಮೀಟರ್ ಹಿಡಿ. 0.02 ತಪ್ಪಿದರೆ 12.5ರ ಕಂಬಿಗೆ ಎಂತದೂ ಇಲ್ಲ, ನಿನಗೆ ದಪ್ಪದಲ್ಲೇ ಶೇ. 2.7 ಹೋಯಿತು.

ಕುಂಜಿಬೆಟ್ಟು ಅಜ್ಜ · ಮಂಗಳವಾರ ರಾತ್ರಿ 9:30

ಸರಿ ಹೇಳಿದ. ಮಗಾ, ಎಕ್ಸ್‌ಟೆನ್ಸೋಮೀಟರ್ ಇಲ್ಲ ಅಂತ ಅಳಬೇಡ. ಗೇಜಿನ ಮೇಲೆ ಶಾಯಿ ಬಳಿದು ಎರಡು ನಯವಾದ ಗೆರೆ ಎಳೆ. ಲೋಹಕ್ಕೆ ಗೀರು ಬೀಳಬಾರದು, ಶಾಯಿಗೆ ಮಾತ್ರ. ಫಿಸಿಕ್ಸ್ ಲ್ಯಾಬಿನಲ್ಲಿ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಧೂಳು ತಿನ್ನುತ್ತಾ ಕೂತಿರುತ್ತದೆ, ಅದನ್ನು ಬೇಡಿ ತಾ. ಎಳೆಯುವ ಮೊದಲು ಅಳೆ, ಮುರಿದ ಮೇಲೆ ಎರಡು ತುಂಡು ಸೇರಿಸಿ ಅಳೆ. ಕ್ಯಾಮೆರಾ ಇಟ್ಟು ಚುಕ್ಕೆ ಹಿಂಬಾಲಿಸುವ ವಿದ್ಯೆ ಈಗ ಬಂದಿದೆ, ಅದು ಇನ್ನೂ ಒಳ್ಳೆಯದು. ಆದರೆ ಇದ್ದದ್ದರಲ್ಲಿ ಶುರು ಮಾಡು.

ಮತ್ತೆ, ಪೀಸು ಕೆಳಗೆ ಬೀಳಿಸಬೇಡ. ನಮ್ಮಲ್ಲಿ ಒಂದು ಬಿದ್ದಿತ್ತು, ಸೆಲ್ಲಿನೊಳಗೆ. ವಿಕಿರಣದ ಮೀಟರ್ ಹಿಡಿದು ಹುಡುಕೋಣ ಅಂದರೆ ಸೆಲ್ಲಿನ ಮೂಲೆ ಮೂಲೆಯೂ ಕೂಗುತ್ತದೆ. ಕಬ್ಬಿಣದ ಕೈಯಲ್ಲಿ ಟ್ರೇ ಒಂದೊಂದಾಗಿ ಎತ್ತಿ ನೋಡಿದೆವು. ಎರಡು ದಿನ ಹೋಯಿತು. ಕಡೆಗೆ ಸಿಕ್ಕಿದ್ದು ಆ ಕೈಯದ್ದೇ ಬೆರಳಿನ ಸಂದಿಯಲ್ಲಿ.

ರೈಟ್ ಪೋಯಿ · ಮಂಗಳವಾರ ರಾತ್ರಿ 9:34

ಕನ್ನಡಕ ಹಣೆ ಮೇಲಿಟ್ಟು ಮನೆಯೆಲ್ಲಾ ಹುಡುಕುವ ನನ್ನ ಅಪ್ಪನ ಕತೆ.

ಕಂಕನಾಡಿ ಕಬ್ಬಿಣ · ಶುಕ್ರವಾರ ಸಂಜೆ 7:15

ಬಂದೆ. ಮೊದಲು ಹಳೆಯ ಲೆಕ್ಕ ಸರಿ ಮಾಡಿದೆ. ಮುರಿದ ಪೀಸಿನ ಜೊತೆಯಲ್ಲೇ ಕತ್ತರಿಸಿದ ಇನ್ನೆರಡು ಎಳೆಯದೆ ಉಳಿದಿದ್ದವು. ಅವನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ದಪ್ಪ 0.73, ಅಗಲ 1.17. ಅಂದರೆ ಅಡ್ಡಕೊಯ್ತ 0.9 ಅಲ್ಲ, 0.854. ಮುರಿದದ್ದೂ ಅಷ್ಟೇ ಇತ್ತು ಅಂತ ಇಟ್ಟುಕೊಂಡು ಮೆಷಿನ್ ತೋರಿಸಿದ ಅದೇ ಭಾರವನ್ನು ಇದರಿಂದ ಭಾಗಿಸಿದರೆ 548 ಇದ್ದದ್ದು 577 ಆಯಿತು. ದೊಡ್ಡದರದ್ದು 581. ನಾನು ವಾರಗಟ್ಟಲೆ ಹುಡುಕಿದ "ಸೈಜ್ ಎಫೆಕ್ಟ್" ಇಷ್ಟೇ.

ಆಮೇಲೆ ಉಳಿದ ಪೀಸುಗಳನ್ನು ತಿಕ್ಕಿ, ಅಳೆದು, ನಿಮಿಷಕ್ಕೆ 1 ಮಿ.ಮೀ. ವೇಗದಲ್ಲಿ ಎಳೆದೆ. ಶಾಯಿಯ ಗೆರೆ ಹಿಡಿದು ಎಲಾಂಗೇಶನ್ ಶೇ. 58 ಮತ್ತು 57. ಅಜ್ಜ, ನೀವು ಎರಡು ಮೂರು ಅಂಶ ಅಂದಿದ್ದೀರಿ. ಸ್ಲೋಪ್ ಮಾತ್ರ ಈಗಲೂ 14ರ ಹತ್ತಿರವೇ. ಅದನ್ನು ನಂಬುವುದಿಲ್ಲ ಅಂತ ರಿಪೋರ್ಟಿನಲ್ಲೇ ಬರೆದೆ. ಯೀಲ್ಡ್‌ಗೆ ಆ ನೇರ ಗೆರೆಗೆ ಸಮಾನಾಂತರವಾಗಿ 0.01 ಮಿ.ಮೀ. ಸರಿಸಿ ಇನ್ನೊಂದು ಗೆರೆ ಎಳೆದೆ, 5 ಮಿ.ಮೀ.ಗೆ ಶೇ. 0.2 ಅಷ್ಟೇ ಅಲ್ವಾ.

ಒಂದು ಪೀಸು ಕೆಳಗೆ ಬಿತ್ತು. ಬೀಳಿಸಬೇಡ ಅಂದಿದ್ದೀರಿ, ಗೊತ್ತು. ಅಯಸ್ಕಾಂತ ಹಿಡಿದು ನೆಲ ಸವರಿದೆ. ಅರ್ಧ ಗಂಟೆ ಆದ ಮೇಲೆ ನೆನಪಾಯಿತು, 316ಎಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಡೆಗೆ ಲ್ಯಾಬಿನ ಅಕ್ಕ ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದರು. ಮೇಜಿನ ಕಾಲಿನ ಹತ್ತಿರ ಮಿಣುಕ್ ಅಂತು.

ಕುಂಜಿಬೆಟ್ಟು ಅಜ್ಜ · ಶುಕ್ರವಾರ ರಾತ್ರಿ 8:00

ಆ ಅಕ್ಕನಿಗೆ ಒಂದು ಪ್ಲೇಟ್ ಬನ್ಸ್ ಕೊಡಿಸು.

ಆದರೆ ಎರಡು ಪೀಸು ಸಾಲದು ಮಗಾ. ಟೀಚರ್ ಹೇಳಿದ್ದು ನೆನಪಿಡು. ಶೀಟಿನ ಮೇಲ್ಮೈ ಪದರದ್ದು ಎಷ್ಟು, ನಡುವಿನದ್ದು ಎಷ್ಟು? ಬಿದ್ದದ್ದು ಯಾವ ಪದರದ್ದು ಅಂತ ಗುರುತು ಹಾಕಿದ್ದೆಯಾ?

ಕಂಕನಾಡಿ ಕಬ್ಬಿಣ · ಶುಕ್ರವಾರ ರಾತ್ರಿ 8:04

ಇಲ್ಲ ಅಜ್ಜ.

ಬೈಕಂಪಾಡಿ ವೈರ್‌ಕಟ್ · ಶುಕ್ರವಾರ ರಾತ್ರಿ 8:20

ಶನಿವಾರ ಮಧ್ಯಾಹ್ನದ ಮೇಲೆ ಮೆಷಿನ್ ಖಾಲಿ ಉಂಟು. ಶೀಟು ತಾ. ಈ ಸಲ ಒಂದಕ್ಕೆ ಎರಡೇ ತೆಗೆಯುವುದು, ಸ್ಕಿಮ್ ಕಟ್ ಹೊಡೆಯುತ್ತೇನೆ. ಯಾವ ಪದರ ಅಂತ ತಲೆಯ ಮೇಲೆ ಚುಕ್ಕೆ ಇಟ್ಟೇ ಕೊಡುತ್ತೇನೆ. ಹಿಂದಿನ ಬಿಲ್ಲೂ ಬಾಕಿ ಉಂಟು, ಅದನ್ನೂ ತಾ.